ಹನಿಯ ಅಳತೆಯೇ ಲಾಭದ ಅಳತೆ: ಸ್ವಯಂಚಾಲಿತ ಡಿಸ್ಪೆನ್ಸರ್ ತಯಾರಿಕೆ – ಒಂದು ಅಧ್ಯಯನ

ಕೆ.ಆರ್. ಪುರದಿಂದ ವೈಟ್‌ಫೀಲ್ಡ್ ಕಡೆಗೆ ಸಾಗುವ ರಸ್ತೆಯಲ್ಲಿ, ಸಿಂಗಯ್ಯನಪಾಳ್ಯ ಮತ್ತು ಹೂಡಿಗಳ ನಡುವೆ ಇರುವ ಊರು ಗರುಡಾಚಾರ್‌ಪಾಳ್ಯ. ಸಮೀಪದಲ್ಲಿಯೇ ಮಹದೇವಪುರ ಕೈಗಾರಿಕಾ ಪ್ರದೇಶವಿದೆ. 2023ರ ಮಾರ್ಚ್ 25ರಂದು ಕೆ.ಆರ್. ಪುರ–ವೈಟ್‌ಫೀಲ್ಡ್ ನಡುವಿನ ಮೆಟ್ರೊ ಮಾರ್ಗ ಆರಂಭವಾದಾಗ ಈ ಊರಿನ ಹೆಸರಿನಲ್ಲಿಯೇ ಒಂದು ನಿಲ್ದಾಣವೂ ತೆರೆಯಿತು. ಇಲ್ಲಿ ಒಂದೆಡೆ ಲೇತ್, ಪ್ರೆಸ್ ಮತ್ತು ಪ್ಲಾಸ್ಟಿಕ್ ಮೋಲ್ಡಿಂಗ್ ಕೆಲಸ ಬಲ್ಲ ಸಣ್ಣ ಘಟಕಗಳ ಪರಂಪರೆಯಿದೆ. ಮತ್ತೊಂದೆಡೆ ತಂತ್ರಾಂಶ ಕಂಪನಿಗಳ ಕಟ್ಟಡಗಳು, ಮಾಲ್‌ಗಳು, ಆಸ್ಪತ್ರೆಗಳು ಮತ್ತು ವಸತಿ ಸಮುಚ್ಚಯಗಳಿವೆ. ಆ ಕಟ್ಟಡಗಳ ಶೌಚಾಲಯಗಳ ಗೋಡೆಯ ಮೇಲೆ ಕೈ ಒಡ್ಡಿದರೆ ಸಾಬೂನಿನ ಹನಿ ಬೀಳಿಸುವ ಪುಟ್ಟ ಪೆಟ್ಟಿಗೆಯೊಂದಿರುತ್ತದೆ. ಗ್ರಾಹಕ ರಸ್ತೆಯ ಆಚೆ ಬದಿಯಲ್ಲಿಯೇ ಇರುವಾಗ ಈ ಪೆಟ್ಟಿಗೆಯನ್ನು ಇಲ್ಲಿಯೇ ಏಕೆ ರೂಪಿಸಿ ತಯಾರಿಸಬಾರದು ಎಂಬ ಪ್ರಶ್ನೆ ಯಾವ ಉದ್ಯಮಿಗಾದರೂ ಏಳುವುದು ಸಹಜ.

ಪ್ರಶ್ನೆ ಸರಿಯಾದುದೇ. ಆದರೆ ಯಂತ್ರವನ್ನು ಮಾಡಬಲ್ಲೆವು ಎಂಬ ಧೈರ್ಯ ಮಾತ್ರದಿಂದ ಬಂಡವಾಳ ಹೂಡುವುದು ಅಪಾಯಕರ. ಈ ಉತ್ಪನ್ನದಲ್ಲಿ ಲಾಭವೂ ನಷ್ಟವೂ ನಿರ್ಧಾರವಾಗುವುದು ಒಂದು ಮಿಲಿಲೀಟರಿನ ಭಾಗಾಂಶದಲ್ಲಿ. ಅದು ಹೇಗೆಂಬುದನ್ನು ಇತಿಹಾಸ, ತಂತ್ರ, ವೆಚ್ಚ, ಕಾನೂನು ಮತ್ತು ಲೆಕ್ಕಪತ್ರ ಎಂಬ ಐದು ಮಗ್ಗುಲುಗಳಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಲೆಕ್ಕದಿಂದ ಹುಟ್ಟಿದ ಯಂತ್ರ

ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾ ನಗರದ ಹೀರೋ ಎಂಬ ಗಣಿತಜ್ಞನು ದೇವಾಲಯಕ್ಕೆ ಬರುವವರು ಶುದ್ಧಿಗಾಗಿ ಬಳಸುವ ನೀರನ್ನು ಕೊಡುವ ಯಂತ್ರವೊಂದನ್ನು ವರ್ಣಿಸಿದ್ದಾನೆ. ನಾಣ್ಯ ಬಿದ್ದೊಡನೆ ಅದರ ಭಾರಕ್ಕೆ ಸನ್ನೆ ವಾಲಿ ಕವಾಟ ತೆರೆಯುತ್ತದೆ. ನಾಣ್ಯ ಜಾರಿ ಬಿದ್ದಾಗ ಕವಾಟ ಮುಚ್ಚುತ್ತದೆ. ಕೊಟ್ಟ ಹಣಕ್ಕೆ ತಕ್ಕಷ್ಟೇ ನೀರು ಎಂಬುದು ಅದರ ತತ್ತ್ವ. ನಮ್ಮ ರಾಜ್ಯದ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ನಾಣ್ಯ ಹಾಕಿ 20 ಲೀಟರಿನ ಕ್ಯಾನ್ ತುಂಬಿಸಿಕೊಂಡವರಿಗೆ ಈ ತತ್ತ್ವ ಹೊಸದಲ್ಲ.

ಆಧುನಿಕ ಉದಾಹರಣೆ ಇನ್ನೂ ಬೋಧಪ್ರದವಾದುದು. ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ನಗರದಲ್ಲಿ ಜೆರಿ ಲಿಪ್‌ಮನ್ ಮತ್ತು ಗೋಲ್ಡಿ ಲಿಪ್‌ಮನ್ ದಂಪತಿಗಳು 1946ರಲ್ಲಿ ಗೋಜೊ ಸಂಸ್ಥೆಯನ್ನು ಆರಂಭಿಸಿದರು. ರಬ್ಬರ್ ಕಾರ್ಖಾನೆಗಳ ಕಾರ್ಮಿಕರ ಕೈಗೆ ಅಂಟುವ ಮಸಿ ಮತ್ತು ಡಾಂಬರನ್ನು ತೊಳೆಯುವ ದ್ರಾವಣ ಅವರ ಸರಕು. ಸರಕು ಚೆನ್ನಾಗಿತ್ತು, ದೂರು ಬೇರೆಯದಾಗಿತ್ತು. ಕಾರ್ಮಿಕರು ಅಗತ್ಯಕ್ಕಿಂತ ಹೆಚ್ಚು ಬಳಸುತ್ತಾರೆ, ಮನೆಗೂ ಒಯ್ಯುತ್ತಾರೆ, ಆದ್ದರಿಂದ ಖರ್ಚು ತಾಳುವುದಿಲ್ಲ ಎಂದು ಕಾರ್ಖಾನೆಗಳವರು ಹೇಳಿದರು. ಉತ್ತರವಾಗಿ ಲಿಪ್‌ಮನ್ ಅವರು ಒಮ್ಮೆಗೆ ನಿಗದಿತ ಪ್ರಮಾಣವನ್ನಷ್ಟೇ ಕೊಡುವ ಡಿಸ್ಪೆನ್ಸರ್ ರೂಪಿಸಿ 1952ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಗ್ರಾಹಕನ ಖರ್ಚಿನ ಪುಸ್ತಕದಲ್ಲಿದ್ದ ಒಂದು ಸೋರಿಕೆಯನ್ನು ಮುಚ್ಚಲು ಹುಟ್ಟಿದ ಆವಿಷ್ಕಾರವಿದು.

1980ರಲ್ಲಿ ಅಮೆರಿಕದ ಮಿನೆಟೋಂಕಾ ಎಂಬ ಸಣ್ಣ ಸಂಸ್ಥೆ ಪಂಪ್ ಬಾಟಲಿಯಲ್ಲಿ ದ್ರವ ಸಾಬೂನನ್ನು ಮಾರುಕಟ್ಟೆಗೆ ತಂದಿತು. ದ್ರವ ಸಾಬೂನಿಗೂ ಪಂಪಿಗೂ ಅದು ಪೇಟೆಂಟ್ ಪಡೆಯುವಂತಿರಲಿಲ್ಲ. ಎರಡೂ ಮೊದಲೇ ಇದ್ದವು. ದೊಡ್ಡ ಕಂಪನಿಗಳು ನಕಲು ಮಾಡುವುದು ನಿಶ್ಚಿತವೆಂದು ಅರಿತ ಅದರ ಮುಖ್ಯಸ್ಥ ರಾಬರ್ಟ್ ಟೇಲರ್, ಸುಮಾರು 10 ಕೋಟಿ ಪ್ಲಾಸ್ಟಿಕ್ ಪಂಪುಗಳಿಗೆ ಮುಂಗಡವಾಗಿ ಬೇಡಿಕೆ ಸಲ್ಲಿಸಿ ಪಂಪ್ ತಯಾರಕರ ಉತ್ಪಾದನಾ ಸಾಮರ್ಥ್ಯವನ್ನೇ ಕಾದಿರಿಸಿಕೊಂಡರು. ಸ್ಪರ್ಧಿಗಳಿಗೆ ಪಂಪ್ ದೊರೆಯುವಷ್ಟರಲ್ಲಿ ಅವರ ಸರಕು ನೆಲೆಯೂರಿತ್ತು. 1987ರಲ್ಲಿ ಆ ವ್ಯಾಪಾರವನ್ನು ಕೋಲ್ಗೇಟ್-ಪಾಮೋಲಿವ್ ಕೊಂಡುಕೊಂಡಿತು. ಅಷ್ಟು ದೊಡ್ಡ ಪಣ ಸಣ್ಣ ಉದ್ಯಮಿಗೆ ಸಲ್ಲದು. ಆದರೆ ಈ ವ್ಯವಹಾರದ ಕೀಲಿ ದ್ರವಕ್ಕಿಂತ ಪಂಪಿನಲ್ಲಿದೆ ಎಂಬ ಪಾಠ ಅವನಿಗೂ ಸಲ್ಲುತ್ತದೆ.

ಪೆಟ್ಟಿಗೆಯ ಒಳಗೆ

ಸ್ವಯಂಚಾಲಿತ ಡಿಸ್ಪೆನ್ಸರಿನ ಅಂಗಗಳು ಕೆಲವೇ. ಕೈಯನ್ನು ಗುರುತಿಸುವ ಇನ್‌ಫ್ರಾರೆಡ್ ಸೆನ್ಸರ್, ಆಜ್ಞೆ ನೀಡುವ ಮೈಕ್ರೊಕಂಟ್ರೋಲರ್, ಪುಟ್ಟ ಮೋಟರ್ ಮತ್ತು ಪಂಪ್, ನಾಜಲ್, ಬ್ಯಾಟರಿ, ದ್ರವದ ತೊಟ್ಟಿ ಅಥವಾ ಮೊಹರು ಮಾಡಿದ ಕಾರ್ಟ್ರಿಜ್. ಸೆನ್ಸರ್ ಮತ್ತು ಮೋಟರುಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಯಾಗಿಯೇ ದೊರೆಯುತ್ತವೆ. ಆದ್ದರಿಂದ ಮೊದಲ ಮಾದರಿಯನ್ನು ಜೋಡಿಸುವುದು ಕಷ್ಟವಲ್ಲ. ಒಂದು ಲಕ್ಷ ಬಾರಿ ಒಂದೇ ಅಳತೆಯ ಹನಿಯನ್ನು ಕೊಡಿಸುವುದು ಕಷ್ಟ.

ತೊಡಕುಗಳು ಬರುವ ಸ್ಥಳಗಳು ನಾಲ್ಕು. ಮೊದಲನೆಯದು ದ್ರವದ ಸಾಂದ್ರತೆ ಮತ್ತು ಸ್ನಿಗ್ಧತೆ: ಬೆಳಗಿನ ಚಳಿಯಲ್ಲಿ ಗಟ್ಟಿಯಾಗುವ, ಮಧ್ಯಾಹ್ನ ತೆಳುವಾಗುವ ದ್ರವಕ್ಕೆ ಒಂದೇ ಕಾಲಾವಧಿಯವರೆಗೆ ಮೋಟರ್ ತಿರುಗಿಸಿದರೆ ಬೇರೆ ಬೇರೆ ಪ್ರಮಾಣ ಬರುತ್ತದೆ. ಎರಡನೆಯದು ನಾಜಲಿನ ತೊಟ್ಟಿಕ್ಕುವಿಕೆ. ಕವಾಟ ಸರಿಯಾಗಿ ಮುಚ್ಚದಿದ್ದರೆ ರಾತ್ರಿಯಿಡೀ ಹನಿ ಬಿದ್ದು ಬೇಸಿನ್ ಪಾಲಾಗುತ್ತದೆ. ಮೂರನೆಯದು ಬಿಸಿಲು ಅಥವಾ ಹೊಳಪಿನ ಗೋಡೆಯಿಂದ ಸೆನ್ಸರ್ ತಪ್ಪಾಗಿ ಚಾಲನೆಗೊಳ್ಳುವುದು. ನಾಲ್ಕನೆಯದು ಪ್ಲಾಸ್ಟಿಕ್ಕಿನ ಆಯ್ಕೆ: ಸ್ಯಾನಿಟೈಸರಿನ ಆಲ್ಕೋಹಾಲ್ ತಗುಲಿದರೆ ಅಕ್ರಿಲಿಕ್‌ನಂತಹ ಕೆಲವು ಪ್ಲಾಸ್ಟಿಕ್ಕುಗಳು ಕ್ರಮೇಣ ಬಿರುಕು ಬಿಡುತ್ತವೆ. ಸಾಬೂನಿಗೆ ಒಗ್ಗಿದ ಪೆಟ್ಟಿಗೆ ಸ್ಯಾನಿಟೈಸರಿಗೂ ಒಗ್ಗುವುದೆಂದು ಭಾವಿಸಬಾರದು.

ತೊಟ್ಟಿಯೋ ಕಾರ್ಟ್ರಿಜ್ಜೋ ಎಂಬುದು ಬೆಲೆಯ ಪ್ರಶ್ನೆಯಷ್ಟೇ ಅಲ್ಲ, ಆರೋಗ್ಯದ ಪ್ರಶ್ನೆಯೂ ಹೌದು. ಅರ್ಧ ಖಾಲಿಯಾದ ಡಿಸ್ಪೆನ್ಸರಿಗೆ ಮೇಲಿನಿಂದ ಸಾಬೂನು ಸುರಿಯಬಾರದೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2002ರಲ್ಲಿಯೇ ಆಸ್ಪತ್ರೆಗಳಿಗೆ ಸೂಚಿಸಿತು. ಹಾಗೆ ಮಾಡಿದರೆ ಹಳೆಯ ದ್ರವದಲ್ಲಿ ಬ್ಯಾಕ್ಟೀರಿಯಾ ಬೆಳೆಯುವ ಸಂಭವವಿದೆ. ತೊಟ್ಟಿಯ ಮಾದರಿಯನ್ನು ಮಾರುವವರು ಅದನ್ನು ಪೂರ್ಣ ಖಾಲಿ ಮಾಡಿ, ತೊಳೆದು, ಒಣಗಿಸಿ ತುಂಬುವ ವಿಧಾನವನ್ನು ಕನ್ನಡದಲ್ಲಿ ಮುದ್ರಿಸಿ ಪೆಟ್ಟಿಗೆಯ ಒಳಬದಿಗೆ ಅಂಟಿಸುವುದು ಒಳ್ಳೆಯದು. ಓದಬೇಕಾದವರು ಶುಚಿತ್ವ ಸಿಬ್ಬಂದಿಯೇ ಹೊರತು ಖರೀದಿ ವ್ಯವಸ್ಥಾಪಕರಲ್ಲ.

ಮಾರಾಟಕ್ಕೆ ಮುನ್ನ ಒಂದು ಸರಳ ಪರೀಕ್ಷೆಯನ್ನು ಪ್ರತಿ ಘಟಕವೂ ನಡೆಸಬಹುದು. ಆರು ಸೆಕೆಂಡಿಗೊಮ್ಮೆ ಯಂತ್ರ ಚಾಲನೆಗೊಳ್ಳುವಂತೆ ಏರ್ಪಡಿಸಿದರೆ ದಿನಕ್ಕೆ 14,400 ಬಾರಿ, ಏಳು ದಿನಗಳಲ್ಲಿ ಒಂದು ಲಕ್ಷ ಬಾರಿ ನಡೆಯುತ್ತದೆ. ಪ್ರತಿ ಹತ್ತು ಸಾವಿರಕ್ಕೊಮ್ಮೆ ನೂರು ಹನಿಗಳನ್ನು ಅಳತೆಯ ಪಾತ್ರೆಯಲ್ಲಿ ಹಿಡಿದು ಬರೆದಿಡಬೇಕು. ಆ ಒಂದು ಹಾಳೆಯ ಮೌಲ್ಯವೆಷ್ಟೆಂಬುದು ಮುಂದಿನ ಲೆಕ್ಕದಿಂದ ತಿಳಿಯುತ್ತದೆ.

ಅರ್ಧ ಮಿಲಿಲೀಟರಿನ ಬೆಲೆ

ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳೋಣ. ಅಂಕಿಗಳು ವಿವರಣೆಗಾಗಿ ಮಾತ್ರ, ಜಿಎಸ್‌ಟಿಯನ್ನು ಸೇರಿಸಿಲ್ಲ. ಗರುಡಾಚಾರ್‌ಪಾಳ್ಯದ ಕಚೇರಿಯೊಂದರಲ್ಲಿ 400 ಮಂದಿ ದಿನಕ್ಕೆ ಐದು ಬಾರಿ, ತಿಂಗಳಿಗೆ 25 ದಿನ ಕೈ ತೊಳೆಯುತ್ತಾರೆ. ಒಟ್ಟು ಬಳಕೆ 50,000 ಬಾರಿ. ಒತ್ತುವ ಪಂಪಿನಿಂದ ಒಮ್ಮೆಗೆ 2 ಮಿ.ಲೀ. ಹೋದರೆ ತಿಂಗಳಿಗೆ 100 ಲೀಟರ್. ಲೀಟರಿಗೆ 80 ರೂ. ಯಂತೆ 8,000 ರೂ. ಖರ್ಚು. ಸ್ವಯಂಚಾಲಿತ ಯಂತ್ರ ಒಮ್ಮೆಗೆ 1 ಮಿ.ಲೀ. ಕೊಟ್ಟರೆ 50 ಲೀಟರ್, 4,000 ರೂ.

ಯಂತ್ರಗಳು 20, ಒಂದರ ಬೆಲೆ 2,500 ರೂ. ಒಟ್ಟು ಹೂಡಿಕೆ 50,000 ರೂ. ಬ್ಯಾಟರಿ ಮತ್ತು ದುರಸ್ತಿಗೆ ಯಂತ್ರಕ್ಕೆ ತಿಂಗಳಿಗೆ 60 ರೂ. ಯಂತೆ 1,200 ರೂ. ಸಾಬೂನಿನಲ್ಲಿ ಉಳಿದ 4,000 ರೂಪಾಯಿಯಲ್ಲಿ ಇದನ್ನು ಕಳೆದರೆ ನಿವ್ವಳ ಉಳಿತಾಯ 2,800 ರೂ. ಸುಮಾರು 18 ತಿಂಗಳಲ್ಲಿ ಹೂಡಿಕೆ ಹಿಂದಿರುಗುತ್ತದೆ.

ಈಗ ಅದೇ ಯಂತ್ರ 1 ಮಿ.ಲೀ. ಬದಲು 1.4 ಮಿ.ಲೀ. ಕೊಡುತ್ತದೆ ಎಂದಿಟ್ಟುಕೊಳ್ಳಿ. ಬಳಕೆ 70 ಲೀಟರ್, ಖರ್ಚು 5,600 ರೂ., ಉಳಿತಾಯ 2,400 ರೂ., ನಿವ್ವಳ 1,200 ರೂ. ಹೂಡಿಕೆ ಹಿಂದಿರುಗಲು ಸುಮಾರು 42 ತಿಂಗಳು ಬೇಕು. ಪ್ರತಿ ಯಂತ್ರ ತಿಂಗಳಿಗೆ 2,500 ಬಾರಿ ನಡೆಯುವುದರಿಂದ, ಒಂದು ಲಕ್ಷ ಬಾರಿಯ ಆಯುಸ್ಸು ಮುಗಿಯುವುದು 40ನೆಯ ತಿಂಗಳಿಗೆ. ಅಂದರೆ ಹಣ ಹಿಂದಿರುಗುವ ಮೊದಲೇ ಯಂತ್ರ ಕೆಟ್ಟಿರುತ್ತದೆ. ಕೇವಲ 0.4 ಮಿ.ಲೀ. ವ್ಯತ್ಯಾಸದಿಂದ ಒಳ್ಳೆಯ ಖರೀದಿ ಕೆಟ್ಟ ಖರೀದಿಯಾಯಿತು. ಹನಿಗೂಡಿದರೆ ಹಳ್ಳ ಎಂಬ ಗಾದೆ ಇಲ್ಲಿ ಗ್ರಾಹಕನ ನಷ್ಟಕ್ಕೂ ಅನ್ವಯಿಸುತ್ತದೆ.

ನೆಲ ಒರೆಸುವ ದ್ರಾವಣದ ವಿಷಯದಲ್ಲಿಯೂ ಇದೇ ಲೆಕ್ಕ. ನೂರಕ್ಕೆ ಒಂದರಂತೆ ಬೆರೆಸಬೇಕಾದ ಸಾಂದ್ರ ದ್ರಾವಣವನ್ನು 10 ಲೀಟರಿನ ಬಕೆಟ್ಟಿಗೆ 100 ಮಿ.ಲೀ. ಹಾಕಬೇಕು. ಅಂದಾಜಿನಲ್ಲಿ ಸುರಿದು 150 ಮಿ.ಲೀ. ಆದರೆ ಖರ್ಚು ಒಂದೂವರೆ ಪಟ್ಟು. ನಲ್ಲಿಯ ನೀರಿನ ಒತ್ತಡದಿಂದಲೇ ದ್ರಾವಣವನ್ನು ಸೆಳೆದು ಬೆರೆಸುವ ವೆಂಚುರಿ ಮಾದರಿಯ ಸಾಧನಕ್ಕೆ ವಿದ್ಯುತ್ತೂ ಬೇಕಿಲ್ಲ. ಸೆನ್ಸರ್ ಇಲ್ಲದ ಈ ಕ್ಷೇತ್ರದತ್ತ ಸಣ್ಣ ತಯಾರಕರು ಗಮನ ಹರಿಸುವುದು ಲೇಸು.

ಉಚಿತವಾಗಿ ಕೊಟ್ಟ ಯಂತ್ರದ ಗತಿ

ಯಂತ್ರವನ್ನು ಉಚಿತವಾಗಿ ಅಳವಡಿಸಿ ಸಾಬೂನಿನ ಮಾರಾಟದಲ್ಲಿ ಲಾಭ ಪಡೆಯುವುದು ಈ ವ್ಯಾಪಾರದ ಹಳೆಯ ಪದ್ಧತಿ. ಮೇಲಿನ ಉದಾಹರಣೆಯಲ್ಲಿಯೇ ತಯಾರಕನ ಕಡೆಯಿಂದ ನೋಡೋಣ. ಯಂತ್ರದ ತಯಾರಿಕಾ ವೆಚ್ಚ 1,500 ರೂ.; ಇಪ್ಪತ್ತಕ್ಕೆ 30,000 ರೂ. ಸಾಬೂನಿನ ವೆಚ್ಚ ಲೀಟರಿಗೆ 60 ರೂ., ಮಾರಾಟ 80 ರೂ. ಲೀಟರಿಗೆ 20 ರೂ. ಲಾಭದಂತೆ 50 ಲೀಟರಿಗೆ 1,000 ರೂ. ದುರಸ್ತಿಯ ವೆಚ್ಚ 1,200 ರೂ. ತಯಾರಕನ ಮೇಲೆಯೇ ಬಿದ್ದರೆ ತಿಂಗಳಿಗೆ 200 ರೂ. ನಷ್ಟ! ಯಂತ್ರ ಎಷ್ಟು ನಿಖರವಾಗಿ ಉಳಿತಾಯ ಮಾಡುತ್ತದೆಯೋ ಸಾಬೂನಿನ ಮಾರಾಟ ಅಷ್ಟೇ ಕುಗ್ಗುತ್ತದೆ. ತನ್ನ ಆವಿಷ್ಕಾರವೇ ತನ್ನ ಮಾರಾಟವನ್ನು ತಿನ್ನುವ ಈ ವಿಚಿತ್ರವನ್ನು ಆರಂಭದಲ್ಲಿಯೇ ಗಮನಿಸಬೇಕು.

ಸಾಬೂನಿನ ದರವನ್ನು ಲೀಟರಿಗೆ 120 ರೂ. ಗೆ ಏರಿಸಿದರೆ ಲಾಭ 3,000 ರೂ.; ದುರಸ್ತಿ ಕಳೆದು 1,800 ರೂ. ಸುಮಾರು 17 ತಿಂಗಳಲ್ಲಿ ಬಂಡವಾಳ ಹಿಂದಿರುಗುತ್ತದೆ. ಗ್ರಾಹಕನಿಗೂ 8,000 ರೂ. ಬದಲು 6,000 ರೂ. ಮಾತ್ರ ಖರ್ಚು. ಆದರೆ ಗ್ರಾಹಕನು ಪಕ್ಕದ ಅಂಗಡಿಯಲ್ಲಿ 80 ರೂಪಾಯಿಗೆ ದ್ರವ ತಂದು ತುಂಬಿಸಿದರೆ ಈ ಲೆಕ್ಕವೆಲ್ಲ ತಲೆಕೆಳಗು. ಆದ್ದರಿಂದ ‘ನಮ್ಮಿಂದಲೇ ಸಾಬೂನು ಕೊಳ್ಳತಕ್ಕದ್ದು’ ಎಂಬ ಷರತ್ತನ್ನು ಕರಾರಿನಲ್ಲಿ ಸೇರಿಸುವ ಆಸೆ ಹುಟ್ಟುತ್ತದೆ.

ಎಚ್ಚರಿಕೆ ಬೇಕಾದುದು ಇಲ್ಲಿಯೇ. 1970ರ ಪೇಟೆಂಟ್ ಕಾಯ್ದೆಯ 140ನೆಯ ಕಲಮಿನ ಪ್ರಕಾರ, ಪೇಟೆಂಟ್ ಇರುವ ವಸ್ತುವಿನ ಮಾರಾಟ ಅಥವಾ ಗುತ್ತಿಗೆಯ ಕರಾರಿನಲ್ಲಿ, ಆ ವಸ್ತುವಲ್ಲದ ಬೇರೆ ಸರಕನ್ನೂ ತನ್ನಿಂದಲೇ ಕೊಳ್ಳಬೇಕೆಂದು ವಿಧಿಸುವುದು ಕಾನೂನುಬಾಹಿರ. ಅಂತಹ ಷರತ್ತು ಅನೂರ್ಜಿತ. ಅಷ್ಟೇ ಅಲ್ಲ, ಅಂತಹ ಕರಾರು ಜಾರಿಯಲ್ಲಿದ್ದಾಗ ನಡೆದ ಪೇಟೆಂಟ್ ಉಲ್ಲಂಘನೆಯ ದಾವೆಯಲ್ಲಿ ಪ್ರತಿವಾದಿಯು ಅದನ್ನೇ ತನ್ನ ರಕ್ಷಣೆಯಾಗಿ ಮುಂದಿಡಬಹುದು. ಸಾಬೂನಿನ ಆಸೆಗೆ ಬರೆದ ಒಂದು ಸಾಲು ವರ್ಷಗಳ ಶ್ರಮದ ಪೇಟೆಂಟನ್ನೇ ದುರ್ಬಲಗೊಳಿಸಬಲ್ಲದು. ಗುತ್ತಿಗೆಗೆ ಕೊಟ್ಟ ಯಂತ್ರದ ಬಿಡಿಭಾಗಗಳನ್ನು ತಾನೇ ಪೂರೈಸುವ ಮತ್ತು ದುರಸ್ತಿಯನ್ನು ತಾನೇ ಮಾಡುವ ಹಕ್ಕನ್ನು ಉಳಿಸಿಕೊಳ್ಳಲು ಅದೇ ಕಲಂ ಅವಕಾಶ ಕೊಡುತ್ತದೆ. ಆದರೆ ಸಾಬೂನು ಬಿಡಿಭಾಗವಲ್ಲ.

ಇದಕ್ಕೆ ನೇರವಾದ ಪರಿಹಾರವೆಂದರೆ ಬಾಡಿಗೆ. ಯಂತ್ರಕ್ಕೆ ತಿಂಗಳಿಗೆ 100 ರೂ. ಬಾಡಿಗೆ, ಸಾಬೂನು ಮಾರುಕಟ್ಟೆ ದರ 80 ರೂ. ಎಂದಿಡೋಣ. ಗ್ರಾಹಕನ ಒಟ್ಟು ಖರ್ಚು 2,000 ಮತ್ತು 4,000 ಸೇರಿ ಅದೇ 6,000 ರೂ. ತಯಾರಕನಿಗೆ ಬಾಡಿಗೆ 2,000, ಸಾಬೂನಿನ ಲಾಭ 1,000. ದುರಸ್ತಿ ಕಳೆದರೆ ಅದೇ 1,800 ರೂ. ಗ್ರಾಹಕನು ಸಾಬೂನನ್ನು ಬೇರೆಡೆ ಕೊಂಡರೂ ತಿಂಗಳಿಗೆ 800 ರೂ. ಉಳಿಯುತ್ತದೆ, ಬಂಡವಾಳ ಸುಮಾರು 38 ತಿಂಗಳಲ್ಲಿ ಬರುತ್ತದೆ. ಲಾಭ ತಡವಾಗಬಹುದು, ಆದರೆ ಬಂಡವಾಳ ಮುಳುಗುವುದಿಲ್ಲ; ಗ್ರಾಹಕನನ್ನು ಕಟ್ಟಿಹಾಕುವ ಷರತ್ತೂ ಬೇಕಿಲ್ಲ.

ತೆರಿಗೆಯ ದೃಷ್ಟಿಯಿಂದಲೂ ಬಾಡಿಗೆ ಸ್ಪಷ್ಟವಾದ ಮಾರ್ಗ. ಆಸ್ಪತ್ರೆಗಳಿಗೆ ಉಪಕರಣವನ್ನು ಉಚಿತವಾಗಿ ಕೊಟ್ಟು ಅದಕ್ಕೆ ಬೇಕಾದ ರಾಸಾಯನಿಕಗಳನ್ನು ಮಾರುವ ಪದ್ಧತಿಯ ಬಗ್ಗೆ ಅಬಾಟ್ ಹೆಲ್ತ್‌ಕೇರ್ ಪ್ರಕರಣದಲ್ಲಿ ಕೇರಳದ ಮುಂಗಡ ತೀರ್ಪು ಪ್ರಾಧಿಕಾರವು ಎರಡನ್ನೂ ಒಂದೇ ಸಂಯುಕ್ತ ಪೂರೈಕೆಯೆಂದು ಹೇಳಿತ್ತು. 2020ರ ಜನವರಿಯಲ್ಲಿ ಕೇರಳ ಉಚ್ಚ ನ್ಯಾಯಾಲಯವು ಆ ಅಭಿಪ್ರಾಯವನ್ನು ಒಪ್ಪದೆ ವಿಷಯವನ್ನು ಮರುಪರಿಶೀಲನೆಗೆ ಹಿಂದಿರುಗಿಸಿತು. ದೊಡ್ಡ ಸಂಸ್ಥೆಗಳು ಇಂತಹ ವ್ಯಾಜ್ಯವನ್ನು ತಾಳಿಕೊಳ್ಳಬಲ್ಲವು. ಸಣ್ಣ ಘಟಕಕ್ಕೆ ಬಾಡಿಗೆಯ ಬಿಲ್ಲನ್ನೂ ಸಾಬೂನಿನ ಬಿಲ್ಲನ್ನೂ ಬೇರೆಬೇರೆಯಾಗಿ ಬರೆಯುವುದೇ ಕ್ಷೇಮ.

ತೋರಿಸುವ ಮೊದಲು ದಾಖಲಿಸಿ

ಪೇಟೆಂಟಿಗೆ ಅರ್ಜಿ ಸಲ್ಲಿಸುವ ಮುನ್ನ ಆವಿಷ್ಕಾರವನ್ನು ಬಹಿರಂಗಪಡಿಸಿದರೆ ಅದರ ಹೊಸತನವೇ ಪ್ರಶ್ನೆಗೊಳಗಾಗುತ್ತದೆ. ವಸ್ತುಪ್ರದರ್ಶನದ ಮಳಿಗೆಯಲ್ಲಿ ಇಡುವುದು, ಮಾದರಿಯನ್ನು ಮಾರುವುದು, ಕರಪತ್ರ ಹಂಚುವುದು ಇವೆಲ್ಲ ಬಹಿರಂಗಪಡಿಸುವಿಕೆಯೇ. ಕೇಂದ್ರ ಸರ್ಕಾರ ಅಧಿಸೂಚಿಸಿದ ಪ್ರದರ್ಶನಗಳಿಗೆ ಮಾತ್ರ 12 ತಿಂಗಳ ವಿನಾಯಿತಿ ಇದೆ; ಎಲ್ಲ ಮೇಳಗಳಿಗೂ ಇಲ್ಲ.

ಕ್ರಮ ಹೀಗಿದೆ. ಮೊದಲು ಪೇಟೆಂಟ್ ಕಚೇರಿಯ ಉಚಿತ ಜಾಲತಾಣದಲ್ಲಿ ಹಿಂದಿನ ಅರ್ಜಿಗಳನ್ನು ಹುಡುಕಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ಪೇಟೆಂಟ್ ಮಾಹಿತಿ ಕೇಂದ್ರವಿದೆ. ಬಳಿಕ ತಾತ್ಕಾಲಿಕ ವಿವರಣೆಯೊಡನೆ ಅರ್ಜಿ ಸಲ್ಲಿಸಿದರೆ ದಿನಾಂಕ ಭದ್ರವಾಗುತ್ತದೆ; ಪೂರ್ಣ ವಿವರಣೆಗೆ 12 ತಿಂಗಳ ಕಾಲಾವಕಾಶ. ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತವೆ. 2024ರ ತಿದ್ದುಪಡಿಯ ನಂತರ ಪರೀಕ್ಷಣೆಯ ಕೋರಿಕೆಯನ್ನು 48 ತಿಂಗಳ ಬದಲು 31 ತಿಂಗಳೊಳಗೆ ಸಲ್ಲಿಸಬೇಕು. ತಪ್ಪಿದರೆ ಅರ್ಜಿಯನ್ನು ಕೈಬಿಟ್ಟಂತೆ. ಉದ್ಯಮ್ ನೋಂದಣಿ ಹೊಂದಿದ ಸಣ್ಣ ಘಟಕಗಳಿಗೆ 2020ರಿಂದ ವ್ಯಕ್ತಿಗಳಿಗಿರುವ ಕಡಿಮೆ ಶುಲ್ಕವೇ ಅನ್ವಯಿಸುತ್ತದೆ. ಪೇಟೆಂಟಿನ ಅವಧಿ ಅರ್ಜಿಯ ದಿನಾಂಕದಿಂದ 20 ವರ್ಷ.

ಒಂದು ಮಾತು ಸ್ಪಷ್ಟವಿರಲಿ. ಗೊತ್ತಿರುವ ಸಾಧನಗಳನ್ನು, ಪ್ರತಿಯೊಂದೂ ತನ್ನ ಹಳೆಯ ಕೆಲಸವನ್ನೇ ಮಾಡುವಂತೆ ಜೋಡಿಸಿದರೆ ಅದು ಆವಿಷ್ಕಾರವಲ್ಲವೆಂದು ಕಾಯ್ದೆಯ 3(ಎಫ್) ಕಲಂ ಹೇಳುತ್ತದೆ. ಸೆನ್ಸರಿಗೆ ಪಂಪ್ ಜೋಡಿಸಿದ ಮಾತ್ರಕ್ಕೆ ಪೇಟೆಂಟ್ ದೊರೆಯುವುದು ಕಷ್ಟ. ದ್ರವ ಗಟ್ಟಿಯಾದರೂ ತೆಳುವಾದರೂ ಒಂದೇ ಅಳತೆ ಕೊಡುವ ಹೊಸ ಉಪಾಯ, ತೊಟ್ಟಿಕ್ಕದ ಹೊಸ ಕವಾಟ ಇಂತಹವು ಅರ್ಹವಾಗಬಹುದು. ಹೊರರೂಪ ಮಾತ್ರ ಹೊಸದಾದರೆ 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಬಹುದು. ಅದರ ರಕ್ಷಣೆ ಮೊದಲಿಗೆ 10 ವರ್ಷ, ಆಮೇಲೆ ಇನ್ನೂ 5 ವರ್ಷ.

ಲೆಕ್ಕಪುಸ್ತಕದಲ್ಲಿ

ಸಂಶೋಧನಾ ಹಂತದ ಖರ್ಚನ್ನು ಆಯಾ ವರ್ಷದ ಲಾಭ-ನಷ್ಟ ಖಾತೆಗೇ ಬರೆಯಬೇಕೆಂದು 26ನೆಯ ಲೆಕ್ಕಪತ್ರ ಮಾನಕ ವಿಧಿಸುತ್ತದೆ. ತಾಂತ್ರಿಕ ಸಾಧ್ಯತೆ, ಪೂರೈಸಿ ಮಾರುವ ಉದ್ದೇಶ, ಅಗತ್ಯ ಸಂಪನ್ಮೂಲ ಮತ್ತು ಭವಿಷ್ಯದ ಆದಾಯಗಳನ್ನು ತೋರಿಸಬಲ್ಲ ಅಭಿವೃದ್ಧಿ ಹಂತದ ಖರ್ಚನ್ನು ಮಾತ್ರ ಆಸ್ತಿಯಾಗಿ ತೋರಿಸಬಹುದು. ಆದ್ದರಿಂದ ಮೊದಲ ದಿನದಿಂದಲೇ ಪ್ರತ್ಯೇಕ ಖಾತೆ ತೆರೆದು ದಿನಾಂಕ ಸಹಿತ ದಾಖಲೆ ಇಡಬೇಕು. ಬಾಡಿಗೆಗೆ ಕೊಟ್ಟ ಯಂತ್ರಗಳು ತಯಾರಕನ ಸ್ಥಿರಾಸ್ತಿಗಳೇ. ಕ್ರಮಸಂಖ್ಯೆ, ಅಳವಡಿಸಿದ ಕಟ್ಟಡ, ಮಹಡಿ ಇವುಗಳ ವಹಿ ಇಲ್ಲದಿದ್ದರೆ ಎರಡು ವರ್ಷಗಳಲ್ಲಿ ಅರ್ಧದಷ್ಟು ಯಂತ್ರಗಳು ಎಲ್ಲಿವೆ ಎಂಬುದೇ ತಿಳಿಯದಂತಾಗುತ್ತದೆ.

ವೈಜ್ಞಾನಿಕ ಸಂಶೋಧನೆಗೆ ಒಂದು ಕಾಲದಲ್ಲಿ ಖರ್ಚಿನ ಶೇ. 200ರಷ್ಟು ಕಡಿತ ದೊರೆಯುತ್ತಿತ್ತು. 2020-21ರ ಆರ್ಥಿಕ ವರ್ಷದಿಂದ ಅದು ಶೇ. 100ಕ್ಕೆ ಇಳಿದಿದೆ. ಹಳೆಯ ಪ್ರಮಾಣವನ್ನು ನಂಬಿ ಯೋಜನೆ ಹಾಕಬಾರದು. 2026ರ ಏಪ್ರಿಲ್ 1 ಜಾರಿಯ ದಿನವಾಗಿರುವ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿರುವುದನ್ನೂ ಗಮನಿಸಬೇಕು. ಜಿಎಸ್‌ಟಿಯಲ್ಲಿ 2025ರ ಸೆಪ್ಟೆಂಬರ್ 22ರಿಂದ ಸ್ನಾನದ ಸಾಬೂನಿನ ಬಿಲ್ಲೆಗೆ ಶೇ. 5 ದರವಿದ್ದರೂ ದ್ರವ ಸಾಬೂನಿಗೆ ಅದು ಅನ್ವಯಿಸುವುದಿಲ್ಲ. ಹೂಡುವಳಿ ತೆರಿಗೆ ಜಮೆ ಪಡೆಯಲಾಗದ ಗ್ರಾಹಕರಿಗೆ ದರ ಹೇಳುವಾಗ ಈ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆ.

ವಸೂಲಿಯ ಬಗ್ಗೆಯೂ ಒಂದು ಮಾತು. ಸೂಕ್ಷ್ಮ ಮತ್ತು ಸಣ್ಣ ತಯಾರಕರಿಗೆ ಲಿಖಿತ ಕರಾರಿದ್ದರೂ 45 ದಿನಗಳೊಳಗೆ ಹಣ ಸಲ್ಲಬೇಕೆಂದು 2006ರ ಎಂಎಸ್‌ಎಂಇಡಿ ಕಾಯ್ದೆ ಹೇಳುತ್ತದೆ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕೇವಲ ವ್ಯಾಪಾರಿಗಳಾಗಿ ನೋಂದಾಯಿಸಿಕೊಂಡವರಿಗೆ ಈ ರಕ್ಷಣೆ ಇಲ್ಲವೆಂಬುದನ್ನು ವಿತರಕರು ಮರೆಯಬಾರದು.

2020ರ ಪಾಠ

2020ರ ಮಾರ್ಚ್‌ನಲ್ಲಿ ಸ್ಯಾನಿಟೈಸರನ್ನು ಅಗತ್ಯ ವಸ್ತುವೆಂದು ಘೋಷಿಸಿ, 200 ಮಿ.ಲೀ. ಬಾಟಲಿಗೆ 100 ರೂ. ಗರಿಷ್ಠ ದರವನ್ನು ಸರ್ಕಾರ ನಿಗದಿ ಮಾಡಿತು. ಆಗ ಪ್ರತಿ ಅಂಗಡಿಯ ಬಾಗಿಲಲ್ಲಿಯೂ ಡಿಸ್ಪೆನ್ಸರ್ ಬೇಕಾಯಿತು. ಕಬ್ಬಿಣದ ಪೈಪು ಬೆಸೆದು ಮಾಡಿದ, ಕಾಲಿನಿಂದ ಒತ್ತುವ ಸ್ಟ್ಯಾಂಡುಗಳು ಬ್ಯಾಟರಿಯೂ ಸೆನ್ಸರೂ ಇಲ್ಲದೆ ಆ ಕೆಲಸವನ್ನು ಮಾಡಿದವು. ಸೋಂಕು ಇಳಿದಂತೆ ಬೇಡಿಕೆಯೂ ಇಳಿಯಿತು. ಮಾರಾಟವಾಗದೆ ಉಳಿದ ದಾಸ್ತಾನನ್ನು ವೆಚ್ಚ ಅಥವಾ ನಿವ್ವಳ ಮಾರಾಟ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ಇಳಿಸಬೇಕಾದ ನಿಯಮ ಎಲ್ಲರಿಗೂ ಒಂದೇ. ಭೀತಿಯಿಂದ ಬಂದ ಬೇಡಿಕೆ ಭೀತಿಯೊಡನೆ ಹೋಗುತ್ತದೆ. ಉಳಿತಾಯದಿಂದ ಬಂದ ಬೇಡಿಕೆ ಮಾತ್ರ ಪ್ರತಿ ತಿಂಗಳೂ ಮರಳಿ ಬರುತ್ತದೆ.

ಸಾರಾಂಶ

1. ಮಾರುವ ವಸ್ತು ಪೆಟ್ಟಿಗೆಯಲ್ಲ, ಅಳತೆ. ಅಳತೆಯ ಪರೀಕ್ಷಾ ಹಾಳೆಯನ್ನು ದರಪಟ್ಟಿಯೊಡನೆ ಗ್ರಾಹಕನಿಗೆ ಕೊಡಬೇಕು.

2. ಗ್ರಾಹಕನ ಈಗಿನ ಬಳಕೆಯನ್ನು ಒಂದು ತಿಂಗಳು ಅಳೆದು ನೋಡಿದ ನಂತರವೇ ಉಳಿತಾಯದ ಭರವಸೆ ನೀಡಬೇಕು.

3. ಉಚಿತ ಯಂತ್ರಕ್ಕಿಂತ ಬಾಡಿಗೆಯ ಯಂತ್ರ ಮೇಲು. ಸಾಬೂನಿನ ಷರತ್ತನ್ನು ವಕೀಲರಿಗೆ ತೋರಿಸದೆ ಬರೆಯಬಾರದು.

4. ಮೇಳಕ್ಕೆ ಹೋಗುವ ಮೊದಲು ಪೇಟೆಂಟ್ ಅರ್ಜಿಯ ರಸೀದಿ ಕೈಯಲ್ಲಿರಬೇಕು.

5. ದುರಸ್ತಿಗೆ ಅದೇ ದಿನ ಬರುವ ಸಾಮರ್ಥ್ಯ ಸ್ಥಳೀಯ ಘಟಕದ ನಿಜವಾದ ಬಲ. ಅದರ ವೆಚ್ಚವನ್ನು ಮೊದಲೇ ದರದಲ್ಲಿ ಸೇರಿಸಬೇಕು.

ದೂರದ ದೇಶದಿಂದ ಬಂದ ಯಂತ್ರ ಕೆಟ್ಟಾಗ ಕಟ್ಟಡದ ನಿರ್ವಾಹಕನು ಯಾರನ್ನು ಕರೆಯಬೇಕೆಂದು ತಿಳಿಯದೆ ಅದನ್ನು ಕಿತ್ತು ಮೂಲೆಗಿಡುತ್ತಾನೆ. ಗರುಡಾಚಾರ್‌ಪಾಳ್ಯದ ಘಟಕಕ್ಕೆ ಆ ಕಟ್ಟಡ ಕೆಲವೇ ನಿಮಿಷಗಳ ದಾರಿ. ಈ ಸಾಮೀಪ್ಯಕ್ಕೆ ನಿಖರವಾದ ಅಳತೆಯೂ ಪ್ರಾಮಾಣಿಕವಾದ ಲೆಕ್ಕವೂ ಕೂಡಿದರೆ, ಗೋಡೆಯ ಮೇಲಿನ ಪುಟ್ಟ ಪೆಟ್ಟಿಗೆ ಸಣ್ಣ ಕೈಗಾರಿಕೆಗೆ ಸ್ಥಿರವಾದ ಆದಾಯದ ಮೂಲವಾಗಬಲ್ಲದು.